ವಿಕಿರಣ ಚಿಕಿತ್ಸೆಯೂ ಜೀವಕೋಶದ ಕಾವಲುಗಾರರೂ



ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕ್ಯಾನ್ಸರ್ ರೋಗಕ್ಕೆ ಚಿಕಿತ್ಸೆ ಪಡೆದು ಬಂದವರನ್ನು ಕುರಿತು ನಮ್ಮ ಕಡೆಯ ಜನರು ‘ಅವರಿಗೆ ಕರೆಂಟು ಕೊಟ್ಟಿದ್ದಾರೆ’ ಎಂದು ಹೇಳುವುದನ್ನು ತಾವು ಕೇಳಿರಬಹುದು. ಈ ಮಾತು ಎಷ್ಟು ರೂಢಿಯಾಗಿದೆಯೆಂದರೆ, ವೈದ್ಯರೂ ದಾದಿಯರೂ ಕೂಡ ರೋಗಿಗೆ ಅರ್ಥವಾಗಲೆಂದು ಅದನ್ನೇ ಬಳಸುತ್ತಾರೆ. ಆದರೆ ಈ ಚಿಕಿತ್ಸೆಯಲ್ಲಿ ರೋಗಿಯ ಮೈಗೆ ವಿದ್ಯುತ್ತನ್ನು ಹಾಯಿಸುವುದಿಲ್ಲ. ಕೈಕಾಲಿನ ಮೂಳೆಯ ಚಿತ್ರ ತೆಗೆಯಲು ಬಳಸುವ ಕ್ಷ-ಕಿರಣದ ಜಾತಿಗೇ ಸೇರಿದ, ಅದಕ್ಕಿಂತ ಬಹು ಪಾಲು ಬಲವಾದ ಕಿರಣಗಳನ್ನು ಗಡ್ಡೆಯಿರುವ ಜಾಗಕ್ಕೆ ಗುರಿಯಿಟ್ಟು ಬಿಡುವುದೇ ವಿಕಿರಣ ಚಿಕಿತ್ಸೆ. ಈ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಾಗಿದ್ದು ತಿಳಿಯುವುದಿಲ್ಲ. ಯಂತ್ರದ ಕೆಳಗೆ ಕೆಲವು ನಿಮಿಷ ಮಲಗಿ ಎದ್ದು ಬಂದರೆ ಆ ದಿನದ ಚಿಕಿತ್ಸೆ ಮುಗಿಯಿತು.

ಇಷ್ಟು ಸರಳವಾಗಿ ಕಾಣುವ ಚಿಕಿತ್ಸೆಯನ್ನು ಒಂದೇ ದಿನದಲ್ಲಿ ಮುಗಿಸದೆ ಐದಾರು ವಾರ ಏಕೆ ಎಳೆಯುತ್ತಾರೆ? ಗಡ್ಡೆ ಕರಗಿದ ಮೇಲೂ ಏಕೆ ನಿಲ್ಲಿಸುವುದಿಲ್ಲ? ಇವೆರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ತಿಳಿಯದೆ ಒಂದು ಜೀವ ಹೋದುದನ್ನು ನಾನು ಕಂಡಿದ್ದೇನೆ. ಆದುದರಿಂದಲೇ ಈ ಪಾಠ.

ಕೆಲವು ವರ್ಷಗಳ ಹಿಂದೆ, ಘಟ್ಟದ ಬುಡದ ಹಳ್ಳಿಯೊಂದರಿಂದ ಸುಮಾರು ನಲವತ್ತು ವರ್ಷ ವಯಸ್ಸಿನ ಗೃಹಿಣಿಯೊಬ್ಬರು ನನ್ನ ಬಳಿಗೆ ಬಂದರು. ತಿಂಗಳ ಮುಟ್ಟಿನ ನಡುವೆಯೂ, ಪತಿಯೊಡನೆ ಕೂಡಿದ ಮೇಲೂ ರಕ್ತ ಕಾಣಿಸುತ್ತಿತ್ತು; ದುರ್ವಾಸನೆಯುಳ್ಳ ಬಿಳಿಸೆರಗಿತ್ತು. ಪರೀಕ್ಷಿಸಿದಾಗ ಗರ್ಭಕೋಶದ ಕೊರಳಿನಲ್ಲಿ, ಎಂದರೆ ಗರ್ಭಕಂಠದಲ್ಲಿ, ಗಡ್ಡೆಯಿರುವುದು ಕಂಡಿತು. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ. ಅಲ್ಲಿ ಇಪ್ಪತ್ತೈದು ದಿನಗಳ ವಿಕಿರಣ ಚಿಕಿತ್ಸೆಯನ್ನೂ, ಅದರ ಬಳಿಕ ಒಳಗಿನಿಂದ ಕೊಡುವ ವಿಕಿರಣವನ್ನೂ ನಿಗದಿ ಮಾಡಿದರು. ಹದಿನಾರನೆಯ ದಿನ ಮುಗಿಸಿ ದಂಪತಿಗಳು ಊರಿಗೆ ಬಂದುಬಿಟ್ಟರು. ಆಕೆಗೆ ಭೇದಿ ಹತ್ತಿತ್ತು. ಮನೆಯಲ್ಲಿ ಅಡಿಕೆ ಕೊಯ್ಲು ಕಾದಿತ್ತು. ದಾರಿಯಲ್ಲಿ ಸಿಕ್ಕ ಆಕೆಯ ಪತಿ ನನಗೆ ಹೇಳಿದ್ದು ಇಷ್ಟು: “ರಕ್ತ ಹೋಗುವುದು ನಿಂತಿದೆ ಡಾಕ್ಟ್ರೇ. ಗಡ್ಡೆಯೂ ಕರಗಿದೆಯಂತೆ. ಇನ್ನು ಸುಮ್ಮನೆ ಯಾಕೆ ಸುಡಿಸುವುದು?”

ಆ ಮಾತಿನಲ್ಲಿ ತರ್ಕವಿಲ್ಲವೆಂದು ಹೇಳಲು ಬಾರದು. ತಪ್ಪು ನನ್ನದು. ಚೀಟಿ ಬರೆದುಕೊಟ್ಟ ನಾನು, ಆ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆಂಬುದನ್ನು ಹತ್ತು ನಿಮಿಷ ಕುಳಿತು ವಿವರಿಸಿರಲಿಲ್ಲ. ಆರು ವಾರಗಳ ತರುವಾಯ ರಕ್ತಸ್ರಾವ ಮರಳಿದಾಗ ಗಡ್ಡೆ ಮೊದಲಿಗಿಂತ ದೊಡ್ಡದಾಗಿತ್ತು. ಮುಂದಿನ ಮಳೆಗಾಲವನ್ನು ಆಕೆ ಕಾಣಲಿಲ್ಲ. ಅಂದು ಹೇಳದೆ ಉಳಿದುದನ್ನು ಈಗ ತಮಗೆ ಹೇಳುತ್ತಿದ್ದೇನೆ.

ಜೀವಕೋಶದ ಸಂಚಾರ

ನಮ್ಮ ಶರೀರವು ಲೆಕ್ಕವಿಲ್ಲದಷ್ಟು ಜೀವಕೋಶಗಳಿಂದ ಕಟ್ಟಲ್ಪಟ್ಟಿದೆ. ಚರ್ಮ, ಕರುಳಿನ ಒಳಪದರ, ರಕ್ತ ಇವೆಲ್ಲ ದಿನದಿನವೂ ಸವೆಯುವುದರಿಂದ ಹೊಸ ಕೋಶಗಳು ಹುಟ್ಟುತ್ತಲೇ ಇರಬೇಕು. ಒಂದು ಕೋಶವು ಎರಡಾಗಿ ಒಡೆಯುವುದರಿಂದಲೇ ಹೊಸ ಕೋಶ ಹುಟ್ಟುವುದು. ಹಾಗೆ ಒಡೆಯುವುದಕ್ಕೆ ಮುನ್ನ ಕೋಶವು ತನ್ನೊಳಗಿರುವ ವಂಶವಾಹಿ ಎಳೆಯನ್ನು, ಎಂದರೆ ಡಿ.ಎನ್.ಎ.ಯನ್ನು, ಒಂದಕ್ಷರವೂ ತಪ್ಪದಂತೆ ನಕಲು ಮಾಡಿಕೊಳ್ಳಬೇಕು. ಮೊದಲು ಬೆಳವಣಿಗೆ, ಬಳಿಕ ನಕಲು, ಬಳಿಕ ಇನ್ನೊಂದು ಸಣ್ಣ ಸಿದ್ಧತೆ, ಕೊನೆಗೆ ವಿಭಜನೆ. ಇದಕ್ಕೆ ಕೋಶಚಕ್ರವೆಂದು ಹೆಸರು.

ಚಾರ್ಮಾಡಿಯ ಕಡೆಯ ಓದುಗರಿಗೆ ಇದನ್ನು ತಿಳಿಸಲು ಘಟ್ಟದ ದಾರಿಗಿಂತ ಉತ್ತಮವಾದ ಉದಾಹರಣೆ ಬೇಡ. ಚಾರ್ಮಾಡಿಯಿಂದ ಹೊರಟ ವಾಹನ ತಿರುವುಗಳನ್ನು ಹತ್ತಿ ಕೊಟ್ಟಿಗೆಹಾರವನ್ನು ಸೇರುತ್ತದೆ. 2019ರ ಆಗಸ್ಟ್ ತಿಂಗಳ ಮಳೆಗೆ ಘಟ್ಟದಲ್ಲಿ ಹಲವೆಡೆ ಗುಡ್ಡ ಕುಸಿದುದು ತಮ್ಮ ನೆನಪಿನಲ್ಲಿರಬಹುದು. ಆಗ ಏನು ಮಾಡಿದರು? ಕೆಳಗೂ ಮೇಲೂ ವಾಹನಗಳನ್ನು ತಡೆದರು. ಮಣ್ಣು ತೆಗೆದು, ರಸ್ತೆಯನ್ನು ಪರೀಕ್ಷಿಸಿ, ಯೋಗ್ಯವೆಂದು ಕಂಡ ಬಳಿಕವೇ ಸಂಚಾರಕ್ಕೆ ಬಿಟ್ಟರು. ತಡೆಯುವವರು ಇಲ್ಲದೆ ಹೋಗಿದ್ದರೆ ಕತ್ತಲಲ್ಲಿ ಹೋದ ಲಾರಿ ನೇರವಾಗಿ ಕಂದರಕ್ಕೆ ಬೀಳುತ್ತಿತ್ತು.

ಜೀವಕೋಶದಲ್ಲಿಯೂ ಇಂಥ ಗೇಟುಗಳಿವೆ. ನಕಲು ಆರಂಭವಾಗುವ ಮೊದಲು ಒಂದು. ಅದನ್ನು ಕೆಳಗಿನ ಗೇಟು ಎನ್ನೋಣ. ನಕಲು ಮುಗಿದು ವಿಭಜನೆಗೆ ಹೋಗುವ ಮೊದಲು ಇನ್ನೊಂದು. ಅದು ಮೇಲಿನ ಗೇಟು. ಡಿ.ಎನ್.ಎ. ಎಳೆಯಲ್ಲಿ ಮುರಿತ ಕಂಡರೆ ಗೇಟು ಬೀಳುತ್ತದೆ, ಕೋಶ ನಿಲ್ಲುತ್ತದೆ, ರಿಪೇರಿ ನಡೆಯುತ್ತದೆ. ಈ ಗೇಟುಗಳನ್ನು ಕಾಯುವ ಸಸಾರಜನಕ ವಸ್ತುಗಳೇ, ಎಂದರೆ ಪ್ರೋಟೀನುಗಳೇ, ಅರ್ಬುದ ನಿಗ್ರಾಹಕಗಳು. ಇವುಗಳಲ್ಲಿ ಇಬ್ಬರು ಮುಖ್ಯರು. ಒಬ್ಬನ ಹೆಸರು ಪಿ-53. 1979ರಲ್ಲಿ ಕಂಡುಹಿಡಿಯಲ್ಪಟ್ಟಾಗ ಇವನೇ ಕ್ಯಾನ್ಸರನ್ನು ಉಂಟುಮಾಡುವ ಕಳ್ಳನೆಂದು ವಿಜ್ಞಾನಿಗಳು ಭಾವಿಸಿದ್ದರು. ಹತ್ತು ವರ್ಷಗಳ ಬಳಿಕ, 1989ರ ಸುಮಾರಿಗೆ, ಇವನು ಕಾವಲುಗಾರನೆಂಬುದು ಖಚಿತವಾಯಿತು. ಇನ್ನೊಬ್ಬನ ಹೆಸರು ಆರ್.ಬಿ.; ಮಕ್ಕಳ ಕಣ್ಣಿನ ಕ್ಯಾನ್ಸರಿನ ಅಧ್ಯಯನದಿಂದ ಬೆಳಕಿಗೆ ಬಂದವನು. ಆರ್.ಬಿ.ಯು ಕೆಳಗಿನ ಗೇಟಿನ ಅಡ್ಡಮರವನ್ನು ಹಿಡಿದಿರುವವನಾದರೆ, ಪಿ-53ನು ರಸ್ತೆ ಕೆಟ್ಟಿದೆಯೆಂಬ ಸುದ್ದಿ ಬಂದೊಡನೆ ಗೇಟು ಹಾಕಿಸುವ ಮೇಲಧಿಕಾರಿ. ರಿಪೇರಿ ಸಾಧ್ಯವಿಲ್ಲವೆಂದು ಕಂಡರೆ ಆ ಕೋಶವೇ ಅಳಿದುಹೋಗಬೇಕೆಂದು ಆಜ್ಞಾಪಿಸುವ ಅಧಿಕಾರವೂ ಅವನಿಗುಂಟು.

ಕಾವಲುಗಾರರನ್ನು ಕೊಲ್ಲುವ ವೈರಾಣು

ಗರ್ಭಕಂಠದ ಕ್ಯಾನ್ಸರಿಗೆ ಹೆಚ್ಚು ಕಡಿಮೆ ಯಾವಾಗಲೂ ಕಾರಣವಾಗಿರುವುದು ಎಚ್.ಪಿ.ವಿ. ಎಂಬ ವೈರಾಣು. ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಎಂಬ ವಿಜ್ಞಾನಿ ಇದನ್ನು ತೋರಿಸಿಕೊಟ್ಟು 2008ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಈ ವೈರಾಣುವಿನಲ್ಲಿ ಹಲವು ಬಗೆಗಳಿದ್ದು, 16 ಮತ್ತು 18ನೆಯ ಬಗೆಗಳೇ ನೂರಕ್ಕೆ ಸುಮಾರು ಎಪ್ಪತ್ತು ಪ್ರಕರಣಗಳಿಗೆ ಹೊಣೆ. ವೈರಾಣುವಿನ ಬಳಿ ಎರಡು ಆಯುಧಗಳಿವೆ. ಇ-6 ಎಂಬುದು ಪಿ-53 ಕಾವಲುಗಾರನನ್ನು ಹಿಡಿದು ಕೋಶದ ಕಸದ ಗುಂಡಿಗೆ ನೂಕಿಸುತ್ತದೆ. ಇ-7 ಎಂಬುದು ಆರ್.ಬಿ.ಯ ಕೈಯನ್ನು ಕಟ್ಟಿಹಾಕುತ್ತದೆ. ಅಡ್ಡಮರ ಎದ್ದು ನಿಲ್ಲುತ್ತದೆ. ಕೋಶಗಳು ತಡೆಯಿಲ್ಲದೆ ಓಡುತ್ತವೆ. ಹೀಗೆ ಎಷ್ಟೋ ವರ್ಷ, ಸಾಮಾನ್ಯವಾಗಿ ಹತ್ತಕ್ಕೂ ಮೇಲ್ಪಟ್ಟು, ಓಡುತ್ತ ಓಡುತ್ತ ತಪ್ಪುಗಳು ಕೂಡಿಕೊಂಡು ಗಡ್ಡೆಯಾಗುತ್ತದೆ.

ಇಲ್ಲಿ ಪತಿಪತ್ನಿಯರಿಬ್ಬರಿಗೂ ಒಂದು ಮಾತು. ಈ ವೈರಾಣು ದಾಂಪತ್ಯದ ಸಂಪರ್ಕದಿಂದಲೇ ಹರಡುವುದಾದರೂ, ಅದು ಅತಿ ಸಾಮಾನ್ಯವಾದುದು. ಬಹುಪಾಲು ಜನರಲ್ಲಿ ಒಂದೆರಡು ವರ್ಷದೊಳಗೆ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಯಾವ ಲಕ್ಷಣವನ್ನೂ ತೋರಿಸದೆ ವರ್ಷಗಟ್ಟಲೆ ಅಡಗಿರುತ್ತದೆ. ಆದುದರಿಂದ ಪತ್ನಿಗೆ ಈ ರೋಗ ಬಂದಿತೆಂದು ಆಕೆಯ ಶೀಲವನ್ನು ಶಂಕಿಸುವುದಕ್ಕಾಗಲಿ, ಪತಿಯನ್ನು ದೂಷಿಸುವುದಕ್ಕಾಗಲಿ ಎಳ್ಳಷ್ಟೂ ಆಧಾರವಿಲ್ಲ. ಈ ಶಂಕೆಗೆ ಹೆದರಿಯೇ ರಕ್ತಸ್ರಾವವನ್ನು ಮುಚ್ಚಿಟ್ಟುಕೊಂಡು ಕುಳಿತ ತಾಯಂದಿರು ಎಷ್ಟೋ ಮಂದಿ.

ಕಿರಣ ಮಾಡುವುದೇನು?

ವಿಕಿರಣದ ಪ್ರಮಾಣವನ್ನು ‘ಗ್ರೇ’ ಎಂಬ ಮಾನದಿಂದ ಅಳೆಯುತ್ತಾರೆ. ಒಂದು ಗ್ರೇ ವಿಕಿರಣ ತಾಗಿದಾಗ ಪ್ರತಿಯೊಂದು ಕೋಶದಲ್ಲಿಯೂ ಡಿ.ಎನ್.ಎ.ಯ ಎರಡೂ ಎಳೆಗಳು ಒಟ್ಟಿಗೆ ತುಂಡಾಗುವಂಥ ಮುರಿತಗಳು ಸುಮಾರು ನಲವತ್ತರಷ್ಟು ಆಗುತ್ತವೆ. ಘಟ್ಟದ ರಸ್ತೆ ಏಕಕಾಲಕ್ಕೆ ನಲವತ್ತು ಕಡೆ ಕುಸಿದಂತೆ. ಗಮನಿಸಿರಿ, ಇದು ಗಡ್ಡೆಯ ಕೋಶದಲ್ಲಿಯೂ ಆಗುತ್ತದೆ, ಪಕ್ಕದ ಒಳ್ಳೆಯ ಕೋಶದಲ್ಲಿಯೂ ಆಗುತ್ತದೆ. ಕಿರಣಕ್ಕೆ ಇದು ಒಳ್ಳೆಯದು, ಇದು ಕೆಟ್ಟದ್ದು ಎಂಬ ವಿವೇಕವಿಲ್ಲ. ಹಾಗಾದರೆ ಗಡ್ಡೆ ಮಾತ್ರ ಸತ್ತು ಮೈ ಉಳಿಯುವುದು ಹೇಗೆ?

ಒಳ್ಳೆಯ ಕೋಶದಲ್ಲಿ ಕಾವಲುಗಾರರು ಜೀವಂತವಾಗಿದ್ದಾರೆ. ಗೇಟು ಬೀಳುತ್ತದೆ. ಕೆಲವು ಗಂಟೆಗಳಲ್ಲಿ ಬಹುಪಾಲು ಮುರಿತಗಳು ಕೂಡಿಕೊಳ್ಳುತ್ತವೆ. ಮರುದಿನದ ಕಿರಣದ ಹೊತ್ತಿಗೆ ಕೋಶ ತಕ್ಕಮಟ್ಟಿಗೆ ಚೇತರಿಸಿಕೊಂಡಿರುತ್ತದೆ. ಗಡ್ಡೆಯ ಕೋಶದಲ್ಲಾದರೋ ಕೆಳಗಿನ ಗೇಟಿಗೆ ಕಾವಲೇ ಇಲ್ಲ. ಮೇಲಿನ ಗೇಟು ಉಳಿದಿದ್ದರೂ ಅದೊಂದರಿಂದಲೇ ಎಲ್ಲವನ್ನೂ ತಡೆಯಲಾಗದು. ಮುರಿದ ಎಳೆಯನ್ನೇ ನಕಲು ಮಾಡಿ, ಹರಿದ ವರ್ಣತಂತುಗಳೊಡನೆ ಕೋಶವು ವಿಭಜನೆಗೆ ನುಗ್ಗುತ್ತದೆ, ಅಲ್ಲಿ ಹರಿದು ಚೂರಾಗಿ ಸಾಯುತ್ತದೆ. ರಾತ್ರಿಯ ಲಾರಿ ಕಂದರಕ್ಕೆ ಬಿದ್ದಂತೆ. ಈ ಸಾವು ಕಿರಣ ತಾಗಿದ ಕ್ಷಣದಲ್ಲಲ್ಲ, ಮುಂದೆ ವಿಭಜನೆಯಾಗುವಾಗ ಆಗುವುದು. ಆದುದರಿಂದಲೇ ಚಿಕಿತ್ಸೆ ಮುಗಿದು ವಾರಗಳ ತನಕವೂ ಗಡ್ಡೆ ಕರಗುತ್ತ ಹೋಗುತ್ತದೆ.

ಇದು ಊಹೆಯ ಮಾತಲ್ಲ. ಅಮೆರಿಕದ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬಾಕೆ ತಂಬಾಕು ಬೆಳೆಯುವ ಒಕ್ಕಲು ಮನೆತನದವರು, ಐದು ಮಕ್ಕಳ ತಾಯಿ. 1951ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಆಕೆಯ ಗರ್ಭಕಂಠದ ಕ್ಯಾನ್ಸರಿಗೆ ರೇಡಿಯಂ ಚಿಕಿತ್ಸೆ ನಡೆಯಿತು. ಗಡ್ಡೆಯ ಚೂರೊಂದನ್ನು ಆಕೆಗೆ ತಿಳಿಸದೆಯೇ ತೆಗೆದು ಪ್ರಯೋಗಶಾಲೆಗೆ ಕೊಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡರು. ಆದರೆ ಆ ಕೋಶಗಳು ‘ಹೀಲಾ’ ಎಂಬ ಹೆಸರಿನಿಂದ ಇಂದಿಗೂ ಪ್ರಪಂಚದ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿವೆ. ಆಕೆಯ ಕುಟುಂಬಕ್ಕೆ ಈ ವಿಷಯ ತಿಳಿದದ್ದು ಇಪ್ಪತ್ತು ವರ್ಷಗಳ ಬಳಿಕ. ಇದು ವೈದ್ಯರು ತಲೆತಗ್ಗಿಸಬೇಕಾದ ಸಂಗತಿಯೆಂದೇ ನನ್ನ ಅಭಿಪ್ರಾಯ. ಮನುಷ್ಯನ ಕೋಶವನ್ನು ಕೊಲ್ಲಲು ಎಷ್ಟು ವಿಕಿರಣ ಬೇಕೆಂಬುದನ್ನು ಪಕ್ ಮತ್ತು ಮಾರ್ಕಸ್ ಎಂಬ ವಿಜ್ಞಾನಿಗಳು 1956ರಲ್ಲಿ ಮೊದಲ ಬಾರಿಗೆ ಅಳೆದುದು ಈ ಕೋಶಗಳ ಮೇಲೆಯೇ. ಕೋಶಚಕ್ರದ ಎಲ್ಲ ಹಂತಗಳಲ್ಲಿಯೂ ಕೋಶಗಳು ಕಿರಣಕ್ಕೆ ಸಮನಾಗಿ ಮಣಿಯುವುದಿಲ್ಲವೆಂಬುದನ್ನು 1960ರ ದಶಕದ ಆದಿಯಲ್ಲಿ ತೆರಸಿಮಾ ಮತ್ತು ಟೋಲ್ಮಾಕ್ ತೋರಿಸಿದುದೂ ಇವುಗಳಲ್ಲಿಯೇ. ವಿಭಜನೆಯಾಗುತ್ತಿರುವ ಕೋಶ ಎಲ್ಲಕ್ಕಿಂತ ಬೇಗ ಸಾಯುತ್ತದೆ. ನಕಲು ಕಾರ್ಯದ ಕೊನೆಯ ಭಾಗದಲ್ಲಿರುವ ಕೋಶ ಬಹಳ ಗಟ್ಟಿ. ಆ ಕೋಶಗಳಲ್ಲಿ 18ನೆಯ ಬಗೆಯ ಎಚ್.ಪಿ.ವಿ. ಇದ್ದುದು ತರುವಾಯ ತಿಳಿಯಿತು.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಯಾವುದೇ ದಿನ ಯಂತ್ರದ ಕೆಳಗೆ ಮಲಗಿದಾಗ ಗಡ್ಡೆಯ ಕೆಲವು ಕೋಶಗಳು ಗಟ್ಟಿ ಹಂತದಲ್ಲಿದ್ದು ತಪ್ಪಿಸಿಕೊಳ್ಳುತ್ತವೆ. ಮರುದಿನ ಅವು ಚಕ್ರದಲ್ಲಿ ಮುಂದೆ ಸರಿದು ಮೆತ್ತಗಿನ ಹಂತಕ್ಕೆ ಬಂದಿರಬಹುದು, ಆಗ ಸಿಕ್ಕಿಬೀಳುತ್ತವೆ. ಗರ್ಭಕಂಠದ ಕ್ಯಾನ್ಸರಿಗೆ ವಾರಕ್ಕೆ ಐದು ದಿನದಂತೆ, ದಿನಕ್ಕೆ ಸುಮಾರು ಎರಡು ಗ್ರೇ ಪ್ರಮಾಣದಲ್ಲಿ, ಇಪ್ಪತ್ತೈದು ದಿನಗಳಲ್ಲಿ 45ರಿಂದ 50 ಗ್ರೇ ಕೊಡುವುದು ಈ ಲೆಕ್ಕದಿಂದ. ಅಷ್ಟನ್ನೂ ಒಂದೇ ದಿನ ಕೊಟ್ಟರೆ ಗಡ್ಡೆಯೊಡನೆ ಕರುಳೂ ಮೂತ್ರಕೋಶವೂ ಹೋದಾವು. 1999ರಿಂದೀಚೆಗೆ, ಶಕ್ತಿಯುಳ್ಳ ರೋಗಿಗಳಿಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನೂ ಜೊತೆಗೆ ಕೊಡುವುದು ರೂಢಿಯಾಗಿದೆ. ಅದು ಡಿ.ಎನ್.ಎ.ಗೆ ಅಂಟಿಕೊಂಡು ರಿಪೇರಿಯನ್ನು ಕೆಡಿಸುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ಇನ್ನೂ ಮುಖ್ಯವಾದುದು. ಮೂರು ನಾಲ್ಕು ವಾರಗಳಲ್ಲಿ ಗಡ್ಡೆ ಕಣ್ಣಿಗೆ ಮಾಯವಾದರೂ, ಅಳಿಯದೆ ಉಳಿದ ಕೋಶಗಳು ಲಕ್ಷಗಟ್ಟಲೆ ಇರುತ್ತವೆ. ಸುತ್ತಲಿನವು ಸತ್ತು ಜಾಗ ತೆರವಾದುದರಿಂದ ಅವು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆ. ಕಳೆ ಕಿತ್ತ ಗದ್ದೆಯಲ್ಲಿ ಬೇರು ಉಳಿದರೆ ಮುಂದಿನ ಮಳೆಗೆ ಏನಾಗುವುದೆಂಬುದು ಬೇಸಾಯಗಾರರಾದ ತಮಗೆ ನಾನು ಹೇಳಬೇಕಾಗಿಲ್ಲ. ಹೊರಗಿನ ಕಿರಣ, ಒಳಗಿನ ಕಿರಣ ಎರಡೂ ಸೇರಿ ಎಂಟು ವಾರದೊಳಗೆ ಮುಗಿಯತಕ್ಕದ್ದು. ಅದಕ್ಕಿಂತ ತಡವಾದ ಒಂದೊಂದು ದಿನಕ್ಕೂ ಗಡ್ಡೆ ಹತೋಟಿಗೆ ಬರುವ ಸಂಭವವು ನೂರಕ್ಕೆ ಅರ್ಧದಿಂದ ಒಂದರಷ್ಟು ಕಡಿಮೆಯಾಗುತ್ತದೆಂದು ಲೆಕ್ಕಹಾಕಿದ್ದಾರೆ. ಆ ಗೃಹಿಣಿ ಹದಿನಾರನೆಯ ದಿನಕ್ಕೆ ನಿಲ್ಲಿಸಿದುದು, ಉಳಿದ ಕೋಶಗಳು ಓಟ ಕೀಳುವ ಹೊತ್ತಿನಲ್ಲಿ.

ಆಕೆಗಾದ ಭೇದಿಗೂ ಇದೇ ವಿಜ್ಞಾನದಲ್ಲಿ ಕಾರಣವಿದೆ. ಕರುಳಿನ ಒಳಪದರದ ಕೋಶಗಳು ಕೆಲವೇ ದಿನಗಳಿಗೊಮ್ಮೆ ಬದಲಾಗುವಂಥವು. ವಿಭಜನೆ ಹೆಚ್ಚಿದಲ್ಲಿ ಕಿರಣದ ಪೆಟ್ಟೂ ಹೆಚ್ಚು. ಎರಡು ಮೂರನೆಯ ವಾರದಲ್ಲಿ ಭೇದಿ, ಮೂತ್ರದ ಉರಿ ಕಾಣಿಸುವುದು ಸಾಮಾನ್ಯ. ಔಷಧವಿದೆ. ಗಂಜಿ, ಮಜ್ಜಿಗೆ, ಉಪ್ಪು ಸಕ್ಕರೆಯ ನೀರು ಧಾರಾಳವಾಗಿ ಕೊಡತಕ್ಕದ್ದು. ಚಿಕಿತ್ಸೆಯನ್ನು ನಿಲ್ಲಿಸಬೇಕೇ ಬೇಡವೇ ಎಂಬುದನ್ನು ಆ ವೈದ್ಯರೇ ನಿರ್ಧರಿಸಬೇಕು.

ಕಾವಲುಗಾರ ಸತ್ತರೆ ಕಿರಣಕ್ಕೆ ಕೋಶ ಸುಲಭವಾಗಿ ಮಣಿಯುತ್ತದೆಂದು ಎಲ್ಲ ಕ್ಯಾನ್ಸರಿಗೂ ಅನ್ವಯಿಸುವಂತೆ ಹೇಳಲಾಗದು. ಹಾಗೆ ಹೇಳಿದರೆ ತಮ್ಮನ್ನು ತಪ್ಪುದಾರಿಗೆ ಎಳೆದಂತಾದೀತು. ರಕ್ತ ಮತ್ತು ಹಾಲುರಸ ಗ್ರಂಥಿಗಳ ಕೋಶಗಳಲ್ಲಿ ಪಿ-53ನು ‘ನಿಲ್ಲು’ ಎನ್ನುವುದಕ್ಕಿಂತ ‘ಸಾಯಿ’ ಎನ್ನುವುದೇ ಹೆಚ್ಚು. ಅಲ್ಲಿ ಅವನಿಲ್ಲದೆ ಹೋದರೆ ಕೋಶ ಸಾಯದೆ ಮೊಂಡುಬೀಳುತ್ತದೆ. ಬಾಯಿಯ ಕ್ಯಾನ್ಸರಿನಲ್ಲಿ ಇನ್ನೊಂದು ಬಗೆ. ಹೊಗೆಸೊಪ್ಪು ಸೇರಿಸಿ ಎಲೆ ಅಡಿಕೆ ಮೆಲ್ಲುವವರಲ್ಲಿ ವೈರಾಣುವಿನ ಕೈವಾಡವಿರುವುದು ಅಪರೂಪ. ಅಲ್ಲಿ ಪಿ-53ರ ವಂಶವಾಹಿಯೇ ಅನೇಕ ವೇಳೆ ಕೆಟ್ಟಿರುತ್ತದೆ. ಕೆಟ್ಟ ಕಾವಲುಗಾರ ಕೆಲವೊಮ್ಮೆ ಕಳ್ಳರ ಜೊತೆಗೇ ಸೇರುವುದುಂಟು. ಗಂಟಲಿನ ಹಿಂಭಾಗದಲ್ಲಿ ಎಚ್.ಪಿ.ವಿ.ಯಿಂದ ಬಂದ ಕ್ಯಾನ್ಸರು ತಂಬಾಕಿನಿಂದ ಬಂದುದಕ್ಕಿಂತ ವಿಕಿರಣಕ್ಕೆ ಚೆನ್ನಾಗಿ ಮಣಿಯುವುದಕ್ಕೆ ಇದೂ ಒಂದು ಕಾರಣವೆಂದು ತಿಳಿಯಲಾಗಿದೆ. ಅಡಿಕೆಯನ್ನೇ ನಂಬಿ ಬದುಕುವ ತಾಲೂಕಿನಲ್ಲಿ ಈ ಮಾತನ್ನಾಡುವುದು ನನಗೆ ಹಿತವಲ್ಲ. ಆದರೂ ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿರುವುದನ್ನು ಮುಚ್ಚಿಡಲಾರೆ.

ಹುಟ್ಟಿನಿಂದಲೇ ಕಾವಲಿನ ಕೊರತೆಯಿರುವ ಮಕ್ಕಳೂ ಅಪರೂಪಕ್ಕೆ ಇರುತ್ತಾರೆ. ಮುರಿತದ ಸುದ್ದಿಯನ್ನು ಪಿ-53ಗೆ ಮುಟ್ಟಿಸುವ ಎ.ಟಿ.ಎಂ. ಎಂಬ ದೂತನ ವಂಶವಾಹಿಯನ್ನು 1995ರಲ್ಲಿ ಗುರುತಿಸಲಾಯಿತು. ತಂದೆ ತಾಯಿ ಇಬ್ಬರಿಂದಲೂ ಅದರ ಕೆಟ್ಟ ಪ್ರತಿ ಬಂದ ಮಗು ನಡೆಯಲು ಕಲಿತ ಮೇಲೆ ತೂರಾಡತೊಡಗುತ್ತದೆ, ಕಣ್ಣಿನ ಬಿಳಿಯಲ್ಲಿ ಕೆಂಪು ನರಗಳು ಕಾಣುತ್ತವೆ, ಮತ್ತೆ ಮತ್ತೆ ಸೋಂಕಾಗುತ್ತದೆ. ಇಂಥ ಮಗುವಿಗೆ ಸಾಧಾರಣ ಪ್ರಮಾಣದ ವಿಕಿರಣ ಚಿಕಿತ್ಸೆಯೂ ಪ್ರಾಣಾಪಾಯ ತರಬಲ್ಲುದು. ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧದ ಮದುವೆಗಳಲ್ಲಿ ಇಂಥ ರೋಗಗಳ ಸಂಭವ ಹೆಚ್ಚು. ಹಾಗೆಯೇ ಮಗುವಿನ ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ ತಡಮಾಡದೆ ತೋರಿಸಿರಿ; ಆರ್.ಬಿ. ಕೆಟ್ಟು ಬರುವ ಕ್ಯಾನ್ಸರಿನ ಗುರುತು ಅದು. ಆ ದೋಷ ವಂಶದಿಂದ ಬಂದುದಾದರೆ ವಿಕಿರಣದಿಂದಲೇ ಮುಂದೆ ಬೇರೆ ಕ್ಯಾನ್ಸರು ಬರುವ ಭಯವಿರುವುದರಿಂದ ವೈದ್ಯರು ಸಾಧ್ಯವಾದಷ್ಟು ಅದನ್ನು ಬಿಟ್ಟು ಇತರ ಚಿಕಿತ್ಸೆಗಳನ್ನು ಆರಿಸುತ್ತಾರೆ.

ದಂಪತಿಗಳು ತಿಳಿಯಬೇಕಾದುದು

ಗಡ್ಡೆಗೆ ಆಮ್ಲಜನಕ ಸಾಲದಿದ್ದರೆ ಅದೇ ಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಾಲು ವಿಕಿರಣ ಬೇಕಾಗುತ್ತದೆ. ಆಮ್ಲಜನಕವನ್ನು ಒಯ್ಯುವುದು ರಕ್ತದ ಹಿಮೋಗ್ಲೋಬಿನ್. ನಮ್ಮ ತಾಯಂದಿರಲ್ಲಿ ರಕ್ತಹೀನತೆ ಮೊದಲೇ ಹೆಚ್ಚು. ತಿಂಗಳುಗಟ್ಟಲೆ ಸ್ರಾವವಾದವರ ಮಾತು ಹೇಳಬೇಕೆ? ಆದುದರಿಂದ ಚಿಕಿತ್ಸೆಯ ಕಾಲದಲ್ಲಿ ರಕ್ತ ಪರೀಕ್ಷೆಯನ್ನು ತಪ್ಪಿಸಕೂಡದು. ರಕ್ತ ಬೇಕೆಂದರೆ ಪತಿಯೂ ಬಂಧುಗಳೂ ದಾನಕ್ಕೆ ಹಿಂಜರಿಯಬಾರದು. ಬೀಡಿ, ಹೊಗೆಸೊಪ್ಪಿನ ಅಭ್ಯಾಸವಿದ್ದರೆ ಅಂದಿನಿಂದಲೇ ಬಿಡಬೇಕು.

ಯಂತ್ರದಿಂದ ಕಿರಣ ಪಡೆದು ಮನೆಗೆ ಬಂದವರ ಮೈಯಲ್ಲಿ ಯಾವ ಕಿರಣವೂ ಉಳಿದಿರುವುದಿಲ್ಲ. ಜೊತೆಯಲ್ಲಿ ಉಣ್ಣಬಹುದು, ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳಬಹುದು. ತಟ್ಟೆ ಲೋಟ ಬೇರೆ ಇಡುವುದು ಅಜ್ಞಾನ ಮಾತ್ರವಲ್ಲ, ಕ್ರೌರ್ಯ. ಅಂಡಾಶಯದ ಮೊಟ್ಟೆಗಳಲ್ಲಿ ಪಿ-53ರ ದಾಯಾದಿಯಾದ ಪಿ-63 ಎಂಬವನು ಬಹಳ ಕಟ್ಟುನಿಟ್ಟಿನ ಕಾವಲು ನಡೆಸುತ್ತಾನೆ. ಸ್ವಲ್ಪ ಮುರಿತ ಕಂಡರೂ ಮೊಟ್ಟೆಯನ್ನೇ ಅಳಿಸಿಬಿಡುತ್ತಾನೆ. ಆದುದರಿಂದ ಕಿಬ್ಬೊಟ್ಟೆಗೆ ವಿಕಿರಣ ಪಡೆದ ಬಳಿಕ ಸಾಮಾನ್ಯವಾಗಿ ಮುಟ್ಟು ನಿಲ್ಲುತ್ತದೆ, ಮಕ್ಕಳಾಗುವುದಿಲ್ಲ. ಯೋನಿ ಒಣಗಿ ಕಿರಿದಾಗುವುದೂ ಉಂಟು. ಅದಕ್ಕೆ ಉಪಾಯಗಳಿವೆ, ಯಾವಾಗಿನಿಂದ ದಾಂಪತ್ಯ ನಡೆಸಬಹುದೆಂದು ಸಂಕೋಚವಿಲ್ಲದೆ ವೈದ್ಯರನ್ನು ಇಬ್ಬರೂ ಕೂಡಿ ಕೇಳಿರಿ. ಪತ್ನಿ ಮೊದಲಿನಂತಾಗಲು ಕಾಲ ಹಿಡಿಯುತ್ತದೆ. ಆ ಕಾಲವನ್ನು ಕೊಡುವುದು ಪತಿಯ ಕೆಲಸ.

ಗರ್ಭಿಣಿಯ ಹೊಟ್ಟೆಯಲ್ಲಿ ಬೆಳೆಯುವ ಶಿಶುವಿನ ಕೋಶಗಳೂ ಬಿಡುವಿಲ್ಲದೆ ವಿಭಜನೆ ಹೊಂದುತ್ತಿರುತ್ತವೆ. ಮುಟ್ಟು ತಪ್ಪಿದ್ದರೆ ಯಾವುದೇ ಕ್ಷ-ಕಿರಣ ಪರೀಕ್ಷೆಗೆ ಮುನ್ನ ತಿಳಿಸಿರಿ. ಎದೆಯ ಚಿತ್ರ ಒಂದರಿಂದ ಶಿಶುವಿಗೆ ತಾಗುವ ಪ್ರಮಾಣ ತೀರ ಅಲ್ಪ. ಗೊತ್ತಿಲ್ಲದೆ ತೆಗೆಸಿದಿರೆಂದು ಹೆದರಿ ಗರ್ಭಪಾತಕ್ಕೆ ಓಡಬೇಕಾಗಿಲ್ಲ.

1982ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಕ್ಯಾನ್ಸರ್ ನೋಂದಣಿ ಆರಂಭವಾದಾಗ, ಸ್ತ್ರೀಯರ ಕ್ಯಾನ್ಸರುಗಳಲ್ಲಿ ಗರ್ಭಕಂಠದ್ದೇ ಮೊದಲ ಸ್ಥಾನದಲ್ಲಿತ್ತು. ಈಗ ನಗರದಲ್ಲಿ ಅದು ಇಳಿದಿದೆ. ಹಾಗಿದ್ದರೂ 2022ರ ಅಂದಾಜಿನಂತೆ ದೇಶದಲ್ಲಿ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 27 ಸಾವಿರ ಮಂದಿಗೆ ಈ ರೋಗ ತಗಲಿ, ಸುಮಾರು 80 ಸಾವಿರ ಮಂದಿ ಮರಣ ಹೊಂದಿದರು. ಇದಕ್ಕಿಂತ ವ್ಯಸನಕರವಾದುದು, ಇಷ್ಟು ನಿಧಾನವಾಗಿ ಬೆಳೆಯುವ ರೋಗವನ್ನು ಗಡ್ಡೆಯಾಗುವ ಮೊದಲೇ ಹಿಡಿಯಬಹುದೆಂಬುದು. ಮೂವತ್ತು ವರ್ಷ ದಾಟಿದ ಪ್ರತಿ ಸ್ತ್ರೀಯೂ ಐದು ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರದಲ್ಲಿ ಪರೀಕ್ಷಿಸಿಕೊಳ್ಳತಕ್ಕದ್ದು. ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲದ ದ್ರಾವಣವನ್ನು ಹಚ್ಚಿ ಒಂದು ನಿಮಿಷ ಕಾದು ನೋಡಿದರೆ ಕೆಟ್ಟ ಜಾಗ ಬೆಳ್ಳಗಾಗುತ್ತದೆ. ನೋವಿಲ್ಲ. ಆ ಹಂತದಲ್ಲಿ ಜಾಗವನ್ನು ಶೀತದಿಂದಲೋ ಶಾಖದಿಂದಲೋ ನಾಶಮಾಡಿದರೆ ಸಾಮಾನ್ಯವಾಗಿ ವಿಕಿರಣದ ಮಾತೇ ಬರುವುದಿಲ್ಲ. ಹೆಣ್ಣುಮಕ್ಕಳಿಗೆ ಒಂಬತ್ತರಿಂದ ಹದಿನಾಲ್ಕು ವಯಸ್ಸಿನೊಳಗೆ ಎಚ್.ಪಿ.ವಿ. ಲಸಿಕೆ ಹಾಕಿಸುವುದು ಉತ್ತಮ. ನಮ್ಮ ದೇಶದಲ್ಲಿಯೇ ತಯಾರಾದ ಲಸಿಕೆಗೆ 2022ರಲ್ಲಿ ಅನುಮತಿ ದೊರೆತಿದೆ.

ಚಿಕಿತ್ಸೆಗೆ ಹೋಗಬೇಕಾಗಿ ಬಂದವರು ಉಜಿರೆ, ಬೆಳ್ತಂಗಡಿ ದಾಟಿ ಮಂಗಳೂರಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬರುವೆವೆಂದು ಹೊರಡಬೇಡಿರಿ. ಮಳೆಗಾಲದಲ್ಲಿ ಒಂದು ದಿನ ತಪ್ಪಿದರೆ ಎರಡು ದಿನ ತಪ್ಪುತ್ತದೆ. ಆರೇಳು ವಾರ ತಂಗಲು ವ್ಯವಸ್ಥೆ ಮಾಡಿಕೊಳ್ಳಿರಿ. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ನೆರವುಂಟು. ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಜೊತೆಗೆ ಒಯ್ಯಿರಿ. ಮೊದಲ ದಿನವೇ ವೈದ್ಯರಿಂದ ಕೊನೆಯ ದಿನಾಂಕವನ್ನು ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ನಡುವೆ ಯಾವುದೇ ಕಾರಣಕ್ಕೆ ಒಂದು ದಿನ ತಪ್ಪಿದರೂ ಅದನ್ನು ಆ ದಿನವೇ ಆಸ್ಪತ್ರೆಗೆ ತಿಳಿಸಿರಿ. ತಪ್ಪಿದ ದಿನವನ್ನು ಸರಿದೂಗಿಸುವ ಕ್ರಮವನ್ನು ಅವರು ಬಲ್ಲರು, ಆದರೆ ಆರು ವಾರ ಕಳೆದ ಮೇಲಲ್ಲ.